ಮನೆಯೊಳಗೊಂದು ದಫ್ತರ

ಬೆಂಗಳೂರಿನಿಂದ ಬಳ್ಳಾರಿ ರಸ್ತೆ ಹಿಡಿದು ದೇವನಹಳ್ಳಿಯನ್ನು ದಾಟಿದರೆ ಆವತಿ ಸಿಗುತ್ತದೆ. ರಣಭೈರೇಗೌಡನೂ ಅವನ ಸೋದರರೂ ಕಂಚಿಯ ಸೀಮೆಯಿಂದ ಬಂದು ಇಲ್ಲಿ ನೆಲೆಸಿದರೆಂದೂ, ಅವರ ವಂಶದವರು ಮುಂದೆ ದೇವನಹಳ್ಳಿ, ಚಿಕ್ಕಬಳ್ಳಾಪುರ, ಯಲಹಂಕಗಳಿಗೆ ಚೆದರಿದರೆಂದೂ ಐತಿಹ್ಯ. ಚೆದರುವುದು ಇಂದಿಗೂ ನಿಂತಿಲ್ಲ. ಆವತಿಯ ಒಂದು ಮನೆಯನ್ನು ಊಹಿಸಿಕೊಳ್ಳಬಹುದು: ಅಜ್ಜ ಅಜ್ಜಿ ಊರಿನಲ್ಲಿ, ಮಗ ಯಲಹಂಕದಲ್ಲಿ, ಮಗಳು ಕಡಲಾಚೆ. ಜಮೀನಿನ ಪಹಣಿಯ ಪ್ರತಿ ಒಬ್ಬರ ಬಳಿ, ಮದುವೆಯ ಚಿತ್ರಗಳು ಇನ್ನೊಬ್ಬರ ಬಳಿ; ಅಜ್ಜಿ ಹಾಡಿದ ಸೋಬಾನೆ ಪದವನ್ನು ಮುದ್ರಿಸಿಕೊಂಡವರು ಯಾರೆಂಬುದೇ ಮರೆತುಹೋಗಿದೆ.

ಇವನ್ನೆಲ್ಲ ಒಂದೆಡೆ ಕಾಯ್ದಿಟ್ಟು, ಕೇಳಿದವರಿಗೆ ಕೊಡುವ ಗಣಕಕ್ಕೆ ಸರ್ವರ್ ಎಂದು ಹೆಸರು. ಅದಕ್ಕೆ ದೊಡ್ಡ ಯಂತ್ರವೇ ಬೇಕೆಂದಿಲ್ಲ. 2012ರ ಫೆಬ್ರವರಿಯಲ್ಲಿ ಇಂಗ್ಲೆಂಡಿನಲ್ಲಿ, ಮಕ್ಕಳು ಗಣಕವಿದ್ಯೆ ಕಲಿಯಲೆಂದು ಮಾರಾಟಕ್ಕೆ ಬಂದ ರಾಸ್ಪ್‌ಬೆರಿ ಪೈ ಅಂಗೈಯಗಲದ ಹಲಗೆಯಷ್ಟೆ. ತುಮಕೂರು ಜಿಲ್ಲೆಯ ದೇವರಾಯನದುರ್ಗದ ಆಸುಪಾಸಿನಲ್ಲಿ ಜನಸ್ತು ಸಂಸ್ಥೆಯವರು ಹಳ್ಳಿಯವರ ಧ್ವನಿಮುದ್ರಣಗಳನ್ನು ಹಳ್ಳಿಯ ಜಾಲದಲ್ಲಿಯೇ ಇರಿಸಲು ಇಂಥ ಪುಟ್ಟ ಗಣಕವನ್ನೇ ಬಳಸಿದ್ದಾರೆ. ಡಿಸ್ಕನ್ನೂ ಸೇರಿಸಿ 6 ವಾಟ್ ಎಂದಿಟ್ಟುಕೊಂಡರೆ, ಹಗಲಿರುಳು ನಡೆದರೂ ತಿಂಗಳಿಗೆ 4 ಯೂನಿಟ್ಟು ಚಿಲ್ಲರೆ. 80 ವಾಟಿನ ಹಳೆಯ ಗಣಕವನ್ನು ಇದೇ ಕೆಲಸಕ್ಕೆ ಹಚ್ಚಿದರೆ 57 ಯೂನಿಟ್ಟು ದಾಟುತ್ತದೆ. ಉಳಿತಾಯದ ಮಾತಿಗೆ ಮನೆಯ ಯಜಮಾನರು ಬೇಗ ಕಿವಿಗೊಡುತ್ತಾರೆ!

ಎಲ್ಲರ ಪ್ರತಿಗಳನ್ನು ಒಂದೇ ಸಮನಾಗಿಡಲು ಸಿಂಕ್‌ಥಿಂಗ್ ಎಂಬ ಉಚಿತ ತಂತ್ರಾಂಶವಿದೆ. ಅದರ ಆರಂಭ 2013ರಲ್ಲಿ. ಅದು ಕಡತವನ್ನು ತುಂಡುಗಳಾಗಿ ಎಣಿಸಿ, ಪ್ರತಿ ತುಂಡಿಗೂ ಒಂದು ಗುರುತಿನ ಅಂಕಿ ಕಟ್ಟುತ್ತದೆ; ಅಂಕಿ ಬದಲಾದ ತುಂಡನ್ನು ಮಾತ್ರ ಗೂಢಲಿಪಿಯಲ್ಲಿ ಕಳುಹಿಸುತ್ತದೆ. ಅಣ್ಣತಂಗಿಯರಿಬ್ಬರೂ ಒಂದೇ ಕಡತವನ್ನು ಏಕಕಾಲಕ್ಕೆ ತಿದ್ದಿದರೆ ಒಂದನ್ನು ನುಂಗಿಹಾಕದೆ ಎರಡನ್ನೂ ಇರಿಸಿ ತೋರಿಸುತ್ತದೆ.

ಅಪಾಯವಿರುವುದು ಈ ವಿಧೇಯತೆಯಲ್ಲಿಯೇ. ಸ್ಥಳ ಸಾಲದೆಂದು ಮಗ ಯಲಹಂಕದಲ್ಲಿ ಅಜ್ಜಿಯ ಪದವನ್ನು ಅಳಿಸಿದನೆನ್ನಿ. ಆ ಅಳಿಕೆಯೂ ಒಂದು ಬದಲಾವಣೆಯೇ ಆದ್ದರಿಂದ ಕ್ಷಣಮಾತ್ರದಲ್ಲಿ ಆವತಿಯಲ್ಲಿಯೂ ಕಡಲಾಚೆಯಲ್ಲಿಯೂ ಪದ ಮಾಯವಾಗುತ್ತದೆ. ಮೂರು ಮನೆಗಳಲ್ಲಿ ಪ್ರತಿಯಿದೆಯೆಂಬ ಧೈರ್ಯ ಅಲ್ಲಿಗೆ ಮುಗಿಯಿತು. ಹೊರಗಿನಿಂದ ಬಂದ ಅಳಿಕೆ ತಿದ್ದುಪಡಿಗಳಿಗೆ ಮೊದಲಿನ ರೂಪವನ್ನು ಬೇರೆಯಾಗಿ ಕಾಯ್ದಿಡುವ ಏರ್ಪಾಡು ಸಿಂಕ್‌ಥಿಂಗ್‌ನಲ್ಲಿ ಉಂಟು. ಆದರೆ ಅದು ತಾನಾಗಿ ನಡೆಯದು, ಆವತಿಯ ಯಂತ್ರದಲ್ಲಿ ಅದನ್ನು ಮೊದಲ ದಿನವೇ ಚಾಲೂ ಮಾಡಬೇಕು.

ವಿದ್ಯುತ್ತು ಹಠಾತ್ತನೆ ಹೋದಾಗ ಬರೆಯುತ್ತಿದ್ದ ಮೆಮೊರಿ ಕಾರ್ಡು ಕೆಡುವ ಸಂಭವವೂ ಇದೆ. ಸಣ್ಣದೊಂದು ಯುಪಿಎಸ್ ಇರಲಿ. ಇಷ್ಟಾದರೂ ಸಿಡಿಲಿಗೂ ಕಳ್ಳನಿಗೂ ತಡೆಯಿಲ್ಲ. ಆದುದರಿಂದ ತಿಂಗಳಿಗೊಮ್ಮೆ ಬೇರೊಂದು ಡಿಸ್ಕಿಗೆ ನಕಲು ತೆಗೆದು, ತಂತಿ ಕಳಚಿ, ಯಲಹಂಕದ ಮನೆಯ ಬೀರುವಿನಲ್ಲಿ ಇಡಬೇಕು. ಆಗಾಗ ಹೊರತೆಗೆದು, ಅಜ್ಜಿಯ ದನಿ ಕೇಳಿಸುತ್ತದೆಯೇ ಎಂದು ಪರೀಕ್ಷಿಸಬೇಕು.