ಅಂಗಿಯ ಮೇಲಿನ ಹೆಸರು, ಖಾತೆಯಲ್ಲಿನ ಹಣ

ಭಾರತ ಕ್ರಿಕೆಟ್ ತಂಡದ ಪೋಷಾಕಿನ ಮೇಲೆ 2019ರಿಂದ 2023ರವರೆಗೆ ಬೆಂಗಳೂರಿನ ಬೈಜೂಸ್ ಹೆಸರು ರಾರಾಜಿಸಿತು. ಪ್ರಾಯೋಜಕತ್ವದ 158 ಕೋಟಿ ರೂಪಾಯಿ ಬಾಕಿಗಾಗಿ ಕ್ರಿಕೆಟ್ ಮಂಡಳಿಯು ಸಲ್ಲಿಸಿದ ಅರ್ಜಿಯ ಮೇಲೆ 2024ರ ಜುಲೈನಲ್ಲಿ ಅದರ ಮಾತೃ ಕಂಪನಿಯ ವಿರುದ್ಧ ದಿವಾಳಿ ಪ್ರಕ್ರಿಯೆ ಆರಂಭವಾಯಿತು. ಎದೆಯ ಮೇಲಿನ ಹೆಸರು ಬಾಕಿ ತೀರಿಸುವ ಶಕ್ತಿಗೆ ಸಾಕ್ಷಿಯಲ್ಲ.

ಹುಲಗೂರು ಭಾಗದ ವರ್ತಕ ಬಾಂಧವರು ಕಬಡ್ಡಿ ತಂಡಕ್ಕೆ ಅಂಗಿ ಕೊಡಿಸುವಾಗಲೂ ಈ ವಿವೇಕ ಅಗತ್ಯ. ಹೆಸರು ಮುದ್ರಿಸುವ ಕರಾರಿನ ಮೇಲೆ ಕೊಟ್ಟ ಹಣ ದೇಣಿಗೆಯಲ್ಲ, ಜಾಹೀರಾತು ವೆಚ್ಚ. ಆದ್ದರಿಂದ ಕರಾರು ಬರಹದಲ್ಲಿರಲಿ, ಹಣ ಚೆಕ್ಕಿನ ಮೂಲಕ ಸಂದಾಯವಾಗಲಿ, ರಸೀದಿ ಕಡತದಲ್ಲಿರಲಿ. ಪಾಲುದಾರಿಕೆ ಸಂಸ್ಥೆಯು ಕಂಪನಿಯಲ್ಲದ ಕ್ರೀಡಾ ಸಂಘವನ್ನು ಪ್ರಾಯೋಜಿಸಿದರೆ, ಸಾಮಾನ್ಯವಾಗಿ ಜಿಎಸ್‌ಟಿ ತುಂಬುವ ಹೊಣೆಯೂ ಪ್ರಾಯೋಜಕರದೇ ಎಂಬುದನ್ನು ಮರೆಯಬಾರದು.

ಮೊದಲು ಕೂಲಿ ಹಾಗೂ ಸರಕು ಕೊಟ್ಟವರ ಬಾಕಿ ತೀರಲಿ. ಅನಂತರ ಅಂಗಿಯ ಮೇಲೆ ಹೆಸರು ಮೂಡಲಿ.