‘ಇಲ್ಲ’ ಎನ್ನುವ ವರದಿ ಹೇಗೆ ನೋಡಿದೆ?

ಬೆಂಗಳೂರಿನ ಲಗ್ಗೆರೆಯಿಂದ ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ ಪರೀಕ್ಷೆಗಾಗಿ ಬಸ್ಸಿನಲ್ಲೇ ಹೋಗಿಬರಬಹುದು. ನಗರದ ಖಾಸಗಿ ಜೆನೆಟಿಕ್ ಲ್ಯಾಬ್‌ಗಳಿಗೂ ರಕ್ತ ಕೊಡಬಹುದು. ಮೈಟೊಕಾಂಡ್ರಿಯಾದ ಕಾಯಿಲೆಯ ಅನುಮಾನವಿರುವ ಮನೆಯವರು ಕಾಯುವುದು ಒಂದೇ ಮಾತಿಗೆ: ದೋಷ ಇದೆಯೋ ಇಲ್ಲವೋ. ಆದರೆ ಓದುವ ಯಂತ್ರಕ್ಕೆ ಹಾಕುವ ಮುನ್ನ ಡಿಎನ್‌ಎಯನ್ನು ಹೇಗೆ ಸಿದ್ಧಪಡಿಸಿದರು, ಅಂದರೆ ಲ್ಯಾಬಿನವರ ಮಾತಿನಲ್ಲಿ ‘ಲೈಬ್ರರಿ’ ಹೇಗೆ ಮಾಡಿದರು ಎಂದು ತಿಳಿಸದ ವರದಿಯ ‘ಇಲ್ಲ’ವನ್ನು ಪೂರ್ತಿ ನಂಬುವಂತಿಲ್ಲ.

ತಾಯಿಯಿಂದ ಬರುವ ಮೈಟೊಕಾಂಡ್ರಿಯಾದ ಡಿಎನ್‌ಎ 16,569 ಅಕ್ಷರಗಳ ಪುಟ್ಟ ಉಂಗುರ. ಅದರಲ್ಲಿರುವುದು 37 ಜೀನ್‌ಗಳು. 1981ರಲ್ಲೇ ಕೇಂಬ್ರಿಜ್‌ನ ವಿಜ್ಞಾನಿಗಳು ಇದನ್ನು ಪೂರ್ತಿ ಓದಿದ್ದರು. ಚಿಕ್ಕದೆಂದು ಹಗುರವಾಗಿ ತೆಗೆದುಕೊಂಡರೆ ಮೋಸಹೋಗುತ್ತೇವೆ. ಇದರ ಹಳೆಯ ನಕಲು ಚೂರುಗಳು ನಮ್ಮ ಕ್ರೋಮೋಸೋಮುಗಳಲ್ಲೂ ಸೇರಿಕೊಂಡಿವೆ. ಉಂಗುರವನ್ನು ಹತ್ತಾರು ಸಣ್ಣ ತುಂಡುಗಳಾಗಿ ಪಿಸಿಆರ್‌ನಿಂದ ನಕಲು ಮಾಡಿ ಹೆಚ್ಚಿಸಿದಾಗ ಅವೂ ನುಸುಳಿ, ಇಲ್ಲದ ದೋಷವನ್ನು ತೋರಿಸಬಹುದು. ಇನ್ನು 4,977 ಅಕ್ಷರಗಳು ಒಟ್ಟಿಗೆ ಕಳಚಿಹೋಗುವ ದೋಷವೂ ಉಂಟು. ಕೆಟ್ಟ ಪ್ರತಿಗಳ ಜೊತೆ ಸರಿಯಾದ ಪ್ರತಿಗಳೂ ಅದೇ ಜೀವಕೋಶದಲ್ಲಿರುವುದರಿಂದ, ಸಣ್ಣ ತುಂಡುಗಳ ವಿಧಾನದಲ್ಲಿ ಈ ನಷ್ಟ ಕಣ್ತಪ್ಪಬಹುದು. ಒಂದೆರಡು ಉದ್ದ ತುಂಡುಗಳಲ್ಲಿ ಉಂಗುರವನ್ನೇ ತೆಗೆದರೆ ಎರಡೂ ಅಪಾಯ ತಗ್ಗುತ್ತವೆ. ಹಾಗಾಗಿ ರೋಗನಿರ್ಣಯಕ್ಕೆ ತಾಜಾ ಮಾದರಿ ಸಿಕ್ಕಾಗ ಸಣ್ಣ ತುಂಡುಗಳಿಗಿಂತ ಉದ್ದ ತುಂಡುಗಳೇ ಮೇಲು.

ಇದಕ್ಕೆ ಆಕ್ಷೇಪಗಳಿಲ್ಲದಿಲ್ಲ. ಡಿಎನ್‌ಎ ಹರಿದ ಹಳೆಯ ಮಾದರಿಯಲ್ಲಿ ಉದ್ದ ತುಂಡು ಸಿಗದು. ಅಲ್ಲಿ ಸಣ್ಣವೇ ಗತಿ. ಉದ್ದದ ಪಿಸಿಆರ್ ಕೂಡ ನಿಷ್ಪಕ್ಷಪಾತಿಯಲ್ಲ: ಕಳಚಿ ಮೋಟಾದ ಪ್ರತಿಗಳು ಬೇಗ ಹೆಚ್ಚುವುದರಿಂದ ದೋಷದ ಪ್ರಮಾಣ ಇರುವುದಕ್ಕಿಂತ ಜಾಸ್ತಿ ಕಾಣಬಹುದು. ಪಿಸಿಆರ್ ಇಲ್ಲದೆ ಇಡೀ ಜೀನೋಮ್ ಓದಿದರೆ ಈ ತೊಡಕಿಲ್ಲ, ಆದರೆ ಖರ್ಚು ಹೆಚ್ಚು. ಎಲ್ಲಕ್ಕೂ ಹೊಂದುವ ವಿಧಾನವಿಲ್ಲ ಎಂದರೆ ಯಾವುದಾದರೂ ಆದೀತು ಎಂದರ್ಥವಲ್ಲ. ಆಯ್ದದ್ದು ಯಾವುದು, ಅದಕ್ಕೆ ಕಾಣದೇ ಉಳಿಯುವುದು ಏನು ಎಂದು ಹೇಳುವ ಹೊಣೆ ಇನ್ನಷ್ಟು ಹೆಚ್ಚುತ್ತದೆ. ರೋಗಿಗೆ ಈ ವಿವರ ಅರ್ಥವಾದೀತೇ ಎನ್ನುವವರಿದ್ದಾರೆ. ರೋಗಿಗೆ ಅರ್ಥವಾಗದಿದ್ದರೂ ವೈದ್ಯರಿಗೆ ಆಗುತ್ತದೆ. ಉದಾಹರಣೆಗೆ, 3243ನೇ ಅಕ್ಷರದ ಹೆಸರುವಾಸಿ ದೋಷ ವಯಸ್ಸಾದಂತೆ ರಕ್ತದಲ್ಲಿ ಕಡಿಮೆಯಾಗುತ್ತದೆ, ಮೂತ್ರದ ಜೀವಕೋಶಗಳಲ್ಲಿ ಚೆನ್ನಾಗಿ ಸಿಗುತ್ತದೆ. ನೋಡಿದ್ದು ಯಾವ ಮಾದರಿ, ಯಾವ ಲೈಬ್ರರಿ ಎಂದು ವರದಿಯಲ್ಲಿ ಎರಡು ಸಾಲಿದ್ದರೆ, ಇಲ್ಲಿಗೆ ನಿಲ್ಲಿಸಬೇಕೋ ಇನ್ನೊಮ್ಮೆ ಹುಡುಕಬೇಕೋ ಎಂದು ವೈದ್ಯರು ತೀರ್ಮಾನಿಸಬಲ್ಲರು. ಆ ಎರಡು ಸಾಲಿಗೆ ಲ್ಯಾಬಿಗೆ ಹೆಚ್ಚುವರಿ ಖರ್ಚಿಲ್ಲ.