ಶಸ್ತ್ರವೈದ್ಯನ ರಕ್ಷಣೆಗೆ ಹೊಣೆ ಯಾರು?

ಬಹುದಿನ ಶ್ವಾಸಯಂತ್ರವನ್ನೇ ಅವಲಂಬಿಸಿದ ರೋಗಿಯ ಕತ್ತಿನಲ್ಲಿ ಶ್ವಾಸನಾಳವನ್ನು ಛೇದಿಸಿ ನಳಿಕೆಯನ್ನಿಡುವ ಶಸ್ತ್ರಕ್ರಿಯೆಯು ಹೊಸದೇನೂ ಅಲ್ಲ. ಆದರೆ 2020ನೆಯ ಇಸವಿಯ ಕೋವಿಡ್ ಮಹಾಮಾರಿಯಲ್ಲಿ ಅದು ವೈದ್ಯನ ಪ್ರಾಣಕ್ಕೇ ಸಂಚಕಾರವಾದೀತೆಂಬ ಭೀತಿ ಹುಟ್ಟಿತು. ಭೀತಿಯು ನಿರಾಧಾರವಾಗಿರಲಿಲ್ಲ. ನಾಳವನ್ನು ತೆರೆದೊಡನೆ ರೋಗಿಯ ಉಸಿರು ನೆಟ್ಟಗೆ ಶಸ್ತ್ರವೈದ್ಯನ ಮುಖಕ್ಕೆ ಬರುತ್ತದೆ. 2003ರ ಸಾರ್ಸ್ ಪಿಡುಗಿನ ಅನುಭವವನ್ನು ಪರಿಶೀಲಿಸಿ 2012ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು, ಈ ಕ್ರಿಯೆಯಲ್ಲಿ ಭಾಗಿಗಳಾದವರಿಗೆ ಸೋಂಕಿನ ಸಂಭವವು ಇತರರಿಗಿಂತ ಸುಮಾರು 4.2 ಪಟ್ಟು ಹೆಚ್ಚೆಂದು ಎಣಿಸಿತ್ತು. ಆಧಾರವು ಅಲ್ಪವೇ ಸರಿ, ಅದಾಗ್ಯೂ ಅಲಕ್ಷಿಸತಕ್ಕದ್ದಲ್ಲ.

ಪರಿಹಾರವು ಅದ್ಭುತಯಂತ್ರದಿಂದ ಬರಲಿಲ್ಲ, ಕ್ರಮಬದ್ಧತೆಯಿಂದ ಬಂದಿತು. ರೋಗಿಯು ಕೆಮ್ಮದಂತೆ ಸ್ನಾಯುಗಳನ್ನು ಔಷಧದಿಂದ ಪೂರ್ಣವಾಗಿ ಸಡಿಲಿಸುವುದು. ಸಾಕಷ್ಟು ಆಮ್ಲಜನಕವನ್ನು ಕೊಟ್ಟು, ಬಾಯಿಂದ ಇಳಿದಿರುವ ನಳಿಕೆಯ ಗಾಳಿಬುರುಡೆಯನ್ನು ಛೇದನಸ್ಥಾನಕ್ಕಿಂತ ಕೆಳಗೆ ಸರಿಸುವುದು. ನಾಳವನ್ನು ತೆರೆಯುವ ಮುನ್ನ ಶ್ವಾಸಯಂತ್ರವನ್ನು ನಿಲ್ಲಿಸಿ, ಹೊಸ ನಳಿಕೆಯ ಬುರುಡೆಯನ್ನು ಉಬ್ಬಿಸಿ, ಶೋಧಕವನ್ನು ಜೋಡಿಸಿದ ಮೇಲೆಯೇ ಪುನಃ ನಡೆಯಿಸುವುದು. ಹೊಗೆಯೆಬ್ಬಿಸುವ ವಿದ್ಯುದ್ದಹನವನ್ನು ಆದಷ್ಟು ಕಡಮೆ ಮಾಡಿ, ಗಾಳಿ ಹೊರಗೆ ಹರಡದ ಕೊಠಡಿಯಲ್ಲಿ, ಎನ್-95 ಮುಖಗವಸನ್ನೂ ಮುಖಫಲಕವನ್ನೂ ಧರಿಸಿದ ಅನುಭವಿಗಳಾದ ಕೆಲವರೇ ಇರಬೇಕು. ಕಲಿಯುವ ಶಿಷ್ಯರಿಗೆ ಅದು ಸ್ಥಳವಲ್ಲ.

ಕಾಯುವ ವಿಷಯದಲ್ಲಿ ಮತಭೇದವಿತ್ತು. ಆರಂಭದಲ್ಲಿ ಅನೇಕರು ಎರಡು ಮೂರು ವಾರ ತಡೆಯಿರೆಂದರು. ಅಷ್ಟರಲ್ಲಿ ವಿಷಾಣುವಿನ ಪ್ರಮಾಣ ಇಳಿದೀತೆಂಬುದು ಅವರ ವಾದ. ಆದರೆ ಕಾದಷ್ಟೂ ಶ್ವಾಸಯಂತ್ರವು ಒಬ್ಬನಲ್ಲೇ ನಿಂತು ಮತ್ತೊಬ್ಬನಿಗೆ ದೊರೆಯದೆ ಹೋಗುವುದು. ಸ್ಪೇಯಿನಿನಲ್ಲಿ 2020ರಲ್ಲಿ 1890 ಕೋವಿಡ್ ರೋಗಿಗಳಿಗೆ ಈ ಕ್ರಿಯೆ ನಡೆದ ವರದಿಯನ್ನು ನೋಡಿದರೆ ಇದು ಎಷ್ಟು ದೊಡ್ಡ ಪ್ರಶ್ನೆಯೆಂಬುದು ವೇದ್ಯವಾಗುವುದು. ಗಂಟಲು ಮುಚ್ಚಿಕೊಂಡು ಉಸಿರಿಗಾಗಿ ಚಡಪಡಿಸುವವನಿಗಂತೂ ಪರೀಕ್ಷೆಯ ಫಲ ಬರುವವರೆಗೆ ಕಾಯೆಂದು ಹೇಳುವಂತಿಲ್ಲ. ಅವನನ್ನು ಸೋಂಕಿತನೆಂದೇ ಭಾವಿಸಿ ಸನ್ನದ್ಧರಾಗಬೇಕು.

ಸನ್ನದ್ಧರಾಗಲು ಸಾಮಗ್ರಿ ಬೇಕಷ್ಟೆ. 2020ರ ಆರಂಭದಲ್ಲಿ ನಮ್ಮ ದೇಶದಲ್ಲಿ ರಕ್ಷಾಕವಚಗಳ ತಯಾರಿಕೆ ಇಲ್ಲವೆನ್ನುವಷ್ಟೇ ಇತ್ತು; ಕೆಲವೇ ತಿಂಗಳಲ್ಲಿ ದಿನಕ್ಕೆ ಲಕ್ಷಗಟ್ಟಲೆ ತಯಾರಾಗತೊಡಗಿದವು. ಅದರಲ್ಲಿ ಬೆಂಗಳೂರಿನ ಉಡುಪಿನ ಕಾರಖಾನೆಗಳ ಪಾಲು ಹಿರಿದು. ಇದು ಹೆಮ್ಮೆಪಡತಕ್ಕ ಸಂಗತಿ. ಕೇಂದ್ರ ಸರಕಾರದವರು ಆ ವರುಷದ ಮಾರ್ಚಿಯಲ್ಲಿ ವೈದ್ಯಸಿಬ್ಬಂದಿಗೆ 50 ಲಕ್ಷ ರೂಪಾಯಿಗಳ ವಿಮೆಯನ್ನೂ ಘೋಷಿಸಿದರು. ಸಂತೋಷವೇ. ಆದರೆ ವಿಮೆಯ ಹಣ ಸತ್ತವನ ಮನೆಗೆ ಹೋಗುತ್ತದೆ. ಮುಖಗವಸು ಬದುಕಿರುವವನ ಮುಖದ ಮೇಲಿರುತ್ತದೆ. ಜಿಲ್ಲೆಯ ಆಸ್ಪತ್ರೆಗಳ ಉಗ್ರಾಣಗಳಲ್ಲಿ ಇವುಗಳ ಅವಧಿ ಮೀರಿದೆಯೇ, ದಾದಿಯರಿಗೂ ಪರಿಚಾರಕರಿಗೂ ಧರಿಸಿ ಕಳಚುವ ತಾಲೀಮು ವರುಷಕ್ಕೊಮ್ಮೆಯಾದರೂ ನಡೆಯುತ್ತಿದೆಯೇ ಎಂಬುದನ್ನು ಆರೋಗ್ಯ ಇಲಾಖೆಯವರು ಪಿಡುಗಿಲ್ಲದ ಕಾಲದಲ್ಲಿಯೇ ಲೆಕ್ಕಹಾಕಿ ಸಾರ್ವಜನಿಕರ ಮುಂದಿಡಬೇಕೆಂದು ಕೋರುತ್ತೇವೆ.